ಆರಿದ ಮೇಲೆ ಕಟ್ಟುವ ಉಂಡಿ

ಇವತ್ತು ಬೆಳಿಗ್ಗೆ ಇಳಕಲ್ಲಿನ ಬಸ್‌ಸ್ಟ್ಯಾಂಡಿನ ಹೊರಗೆ ಮೋಸಂಬಿ ಗಾಡಿಯ ಮುಂದೆ ನಿಂತು, ಒಂದೊಂದೇ ಹಣ್ಣಿನ ಸಿಪ್ಪೆಗೆ ಉಗುರು ತಾಗಿಸಿ ಮೂಸಿ ನೋಡುತ್ತಿದ್ದೆ. ಗಾಡಿಯವನು ಸ್ವಲ್ಪ ಹೊತ್ತು ತಡೆದುಕೊಂಡ. ಆಮೇಲೆ ತಡೆಯಲಿಲ್ಲ.

"ಏನಬೇ, ಹಣ್ಣ ತಿನ್ನಾಕ ಒಯ್ತೀಯೋ, ಅತ್ತರ ಮಾಡಾಕ ಒಯ್ತೀಯೋ?"

"ತಿನ್ನಾಕಲ್ಲಪಾ. ಸಿಪ್ಪಿ ಸಲವಾಗಿ ಒಯ್ತೀನಿ."

"ಹಂಗಾರ ಸಿಪ್ಪಿನ ತೂಗಿ ಕೊಡ್ಲೇನು?"

"ಕೊಡು. ಹಣ್ಣು ಕೊಸರ ಹಾಕು."

ಅವನು ನಕ್ಕುಬಿಟ್ಟ. ನಕ್ಕವನು ಆಮೇಲೆ ದರ ಇಳಿಸದೆ ಎಲ್ಲಿಗೆ ಹೋಗುತ್ತಾನೆ? ಚೌಕಾಸಿಯಲ್ಲಿ ಅರ್ಧ ಕೆಲಸ ಎದುರಿನವರನ್ನು ನಗಿಸುವುದು, ಇದನ್ನು ನೀವೂ ಗುರುತಿಟ್ಟುಕೊಳ್ಳಿ. ಹಣ್ಣು ಚೀಲಕ್ಕೆ ಬಿದ್ದವು. ಬಸ್ ಹತ್ತಿದೆ. ಇತ್ತೀಚೆಗೆ ಬಸ್ಸಿನ ಮೆಟ್ಟಿಲು ಎತ್ತರ ಮಾಡಿದ್ದಾರೆ ಅಂತ ಬಹಳ ದಿನ ನಂಬಿಕೊಂಡಿದ್ದೆ. ಮೆಟ್ಟಿಲು ಇದ್ದಲ್ಲೇ ಇದೆ, ಮೊಣಕಾಲು ಕೆಳಗಿಳಿದಿದೆ ಅಂತ ಈಗೀಗ ಒಪ್ಪಿಕೊಂಡಿದ್ದೇನೆ. ಕಿಟಕಿಯ ಪಕ್ಕ ಕೂತು ಬೆವರು ಒರೆಸಿಕೊಳ್ಳಲು ಕೈ ಎತ್ತಿದೆ ನೋಡಿ, ಬೆರಳಿಗೆ ಹತ್ತಿದ್ದ ಆ ಸಿಪ್ಪೆಯ ವಾಸನೆ ಮೂಗಿಗೆ ಬಂತು. ಅದರ ಹಿಂದೆಯೇ ಹಳೆಯ ಒಂದು ಶ್ರಾವಣ ಬಂದು ಪಕ್ಕದ ಸೀಟಿನಲ್ಲಿ ಕೂತಿತು. ಹುನಗುಂದ ಬರುವವರೆಗೆ ಅದರ ಮಾತೇ ಕೇಳುವುದಾಯಿತು. ನೀವೂ ಕೇಳಿ, ನನಗೂ ಹೊತ್ತು ಹೋಗುತ್ತದೆ.

ನಾನು ಸೀರೆ ಮಾರುವವಳು. ನಮ್ಮನೆಯವರ ಮಗ್ಗ ನಿಂತಾಗ ಗಂಟು ಹೆಗಲಿಗೇರಿಸಿದವಳು ಇನ್ನೂ ಇಳಿಸಿಲ್ಲ. ಅಂಗಡಿ ಇಲ್ಲ, ಬೋರ್ಡಿಲ್ಲ. ಬಾಗಲಕೋಟೆ, ಬಾದಾಮಿ, ತುಳಸಿಗೇರಿ, ಕೂಡಲಸಂಗಮ, ಎಲ್ಲಿ ಬಾಗಿಲು ತೆರೆದಿದೆಯೋ ಅಲ್ಲಿ ನನ್ನ ಅಂಗಡಿ. "ಅಕ್ಕಾರ, ಬರೇ ನೋಡ್ರಿ, ತೊಗೋಬ್ಯಾಡ್ರಿ" ಅಂತ ಹೊಸ್ತಿಲ ಮೇಲೆ ಗಂಟು ಬಿಚ್ಚಿದರೆ ಆಯಿತು. ಬರೇ ನೋಡಿದವರು ಬರೇ ನೋಡಿ ಎದ್ದುಹೋದದ್ದು ಕಡಿಮೆ. ಈ ಕಸುಬಿನಲ್ಲಿ ಕಲಿತದ್ದು ಒಂದೇ: ಗಿರಾಕಿಯ ಮನಸ್ಸು ಬಿಸಿ ಇದ್ದಾಗ ವ್ಯಾಪಾರ ಕಟ್ಟಬೇಕು. ಸೆರಗನ್ನು ಹೆಗಲ ಮೇಲೆ ಹಾಕಿಕೊಂಡು ಕನ್ನಡಿ ಕಡೆ ನಡೆದಳೋ, ಅದೇ ಹೊತ್ತು. "ಮನಿಯವರನ್ನ ಕೇಳಿ ನಾಳೆ ಹೇಳ್ತೀನಿ" ಅಂದಳೋ, ಆರಿತು.

ಇದನ್ನು ನನಗೆ ಕಲಿಸಿದ್ದು ಯಾವ ವ್ಯಾಪಾರಸ್ಥರೂ ಅಲ್ಲ. ನಮ್ಮ ವೈನಿ, ಅಂದರೆ ನಮ್ಮಣ್ಣನ ಹೆಂಡತಿ. ಅವರು ಹುನಗುಂದದ ನಮ್ಮ ಮನೆಗೆ ಸೊಸೆಯಾಗಿ ಬಂದಾಗ ನಾನು ಎರಡು ಜಡೆ ಹಾಕಿಕೊಂಡು ಶಾಲೆಗೆ ಹೋಗುತ್ತಿದ್ದೆ. ಆ ಜಡೆ ಹಾಕುವ ಕೆಲಸ ಅವ್ವನಿಂದ ಅವರಿಗೆ ಬಂತು. ಜಡೆ ಎಳೆದು ಹೆಣೆಯುತ್ತಲೇ ಅಡುಗೆ ಪಾಠ ನಡೆಯುತ್ತಿತ್ತು. "ಬೆಲ್ಲದ ಪಾಕ ಬಿಸಿ ಇದ್ದಾಗ ಉಂಡಿ ಕಟ್ಟಬೇಕು ಹುಡುಗಿ. ಕೈ ಸುಡ್ತು ಅಂತ ಕುಂತಿ ಅಂದ್ರ ಆರಿ ಕಲ್ಲಾಗತೈತಿ. ಆಮ್ಯಾಲೆ ಅಳು." ಅವರು ಕೈಗೆ ತುಪ್ಪ ಸವರಿಕೊಂಡು, ಹೊಗೆಯಾಡುವ ಶೇಂಗಾದ ಪಾಕಕ್ಕೆ ಕೈಯಿಕ್ಕಿ, ಅದು ಬೆಂಕಿಯೋ ಮಜ್ಜಿಗೆಯೋ ಅನ್ನುವುದು ಗೊತ್ತೇ ಇಲ್ಲದವರ ಹಾಗೆ ಉಂಡಿ ಕಟ್ಟಿ ಒಗೆಯುತ್ತಿದ್ದರು. ಆ ಕೈಯ ಹೆಸರು ಓಣಿಯಲ್ಲೆಲ್ಲ ಇತ್ತು.

ನಮ್ಮ ಕಡೆ ನಾಗರ ಪಂಚಮಿ ಅಂದರೆ ನಿಮಗೆ ಗೊತ್ತಿರಬೇಕು, ಗೊತ್ತಿಲ್ಲದಿದ್ದರೆ ಹೇಳುತ್ತೇನೆ. ಅದು ಹೆಣ್ಣುಮಕ್ಕಳ ಹಬ್ಬ. ಹಬ್ಬ ಹತ್ತಿರ ಬಂದಾಗ ಅಣ್ಣನೋ ತಮ್ಮನೋ ಉಂಡಿ ಡಬ್ಬಿ ಹಿಡಿದುಕೊಂಡು ಮನೆಗೆ ಬರುತ್ತಾನೆ, "ಕರಿಯಾಕ ಬಂದೀನವಾ" ಅಂತಾನೆ. ಗಂಡನ ಮನೆಯ ಓಣಿಗೆಲ್ಲ ಆ ಉಂಡಿ ಬೀರಿ, ಸೀರೆ ಉಟ್ಟು, ಅವನ ಹಿಂದೆ ತವರಿಗೆ ಹೊರಡಬೇಕು. ಉಂಡಿ ಇಲ್ಲದೆ ಕರೆಯುವುದಿಲ್ಲ, ಕರೆಯದೆ ಹೋಗುವುದಿಲ್ಲ.

ಇಷ್ಟು ವಯಸ್ಸಾಗಿ, ನಾಲ್ಕು ಊರಿನ ದರ ಬಾಯಿಗೆ ಬರುವ ನನ್ನಂಥವಳಿಗೆ ಇದೆಲ್ಲ ಯಾಕೆ ಬೇಕು ಅಂತ ನೀವು ಕೇಳಬಹುದು. ನಾನೂ ಕೇಳಿಕೊಂಡಿದ್ದೇನೆ. ನೋಡಿ, ವರ್ಷಪೂರ್ತಿ ನಾನು ಹೋಗುವುದೆಲ್ಲ ಕರೆಯದ ಮನೆಗಳಿಗೆ. ಒಳಗಿನಿಂದ "ಯಾರದು?" ಅನ್ನುತ್ತಾರೆ, "ಸೀರಿಯಾಕಿ" ಅನ್ನುತ್ತೇನೆ. ನಾಯಿ ಬೊಗಳುತ್ತದೆ. ಒಳ್ಳೆಯ ಜನರೇ, ನೀರು ಕೊಡುತ್ತಾರೆ, ಚಹಾ ಕೊಡುತ್ತಾರೆ. ಆದರೂ ಕರೆಯದ ಮನೆ ಕರೆಯದ ಮನೆಯೇ. ಇದ್ದದ್ದು ಒಂದೇ ಮನೆ, ವರ್ಷಕ್ಕೊಮ್ಮೆ ಡಬ್ಬಿ ಹಿಡಿದುಕೊಂಡು ಬಂದು, ಬಾ ಅಂತ ಕರೆದುಕೊಂಡು ಹೋಗುವುದು. ಅಣ್ಣ ವೈನಿಗೆ ಮಕ್ಕಳಾಗಲಿಲ್ಲ. ಆ ಮನೆಗೆ ನಾದಿನಿಯೂ ನಾನೇ, ಮಗಳೂ ನಾನೇ. ಅವ್ವ ಹೋದ ಮೇಲೂ ವೈನಿ ಒಂದು ಪಂಚಮಿ ತಪ್ಪಿಸಲಿಲ್ಲ.

ಆ ವರ್ಷ ಬೇಸಿಗೆಯಲ್ಲಿ ವೈನಿಗೆ ಲಕ್ವಾ ಹೊಡೆಯಿತು. ಬಲಗೈ ಬಿತ್ತು, ಬಾಯಿ ಸ್ವಲ್ಪ ಸೊಟ್ಟಗಾಯಿತು. ಜೀವಕ್ಕೆ ಭಯವಿಲ್ಲ ಅಂದರು ಡಾಕ್ಟರು. ಕೈಗೆ ದಿನಾ ಕೆಲಸ ಕೊಡಿ ಅಂತ ದವಾಖಾನೆಯಿಂದ ಒಂದು ರಬ್ಬರಿನ ಚೆಂಡು ಕೊಟ್ಟು ಕಳಿಸಿದ್ದರು. "ಕೂಸಿನಂಗ ಚಂಡ ಹಿಡಕೊಂಡ ಕುಂಡ್ರಲೇನು ನಾ?" ಅಂತ ವೈನಿ ಅದನ್ನು ಬೆಕ್ಕಿಗೆ ಒಗೆದರು. ಆ ಕೈಯನ್ನು ಸೆರಗಿನೊಳಗೆ ಇಟ್ಟುಕೊಂಡವರು ಹೊರಗೆ ತೆಗೆಯಲಿಲ್ಲ. ಶ್ರಾವಣ ಬಂತು. ಅಣ್ಣನ ಫೋನು ಬಂತು.

"ಈ ಸಲ ಉಂಡಿ ಆಗೂದಿಲ್ಲವಾ. ನಿಮ್ಮ ವೈನಿ ಕೈ ನಡಿಯೂದಿಲ್ಲ."

"ಆಗ್ದಿದ್ರ ಬಿಡಣ್ಣಾ. ಅಂಗಡ್ಯಾಗಿಂದ ತಂದ್ರಾತು."

"ಅಂದೆ ನಾನೂ. ಕೊಂಡ ಉಂಡಿ ಕೊಟ್ಟು ಮನಿ ಮಗಳನ್ನ ಕರೀತಾರೇನು ಅಂತ ಅಳಾಕ ಹತ್ಯಾಳ. ಈ ಸಲ ಒಂದ ಬಿಡವಾ."

ಬಿಡುತ್ತೇನೆ ಅಂದೆ. ಈ ಸಲ ಒಂದು ಬಿಟ್ಟರೆ ಏನಾಗುತ್ತದೆ ಅನ್ನುವುದು ವ್ಯಾಪಾರದಲ್ಲಿ ಇದ್ದವರಿಗೆ ಗೊತ್ತು. ಒಂದು ಹಬ್ಬಕ್ಕೆ ಸೀರೆ ಕೊಳ್ಳದೆ ಬಿಟ್ಟ ಗಿರಾಕಿ ಮುಂದಿನ ಹಬ್ಬಕ್ಕೆ ಗಂಟು ಬಿಚ್ಚಲಿಕ್ಕೂ ಬಿಡುವುದಿಲ್ಲ. ರೂಢಿ ತಪ್ಪುವುದಕ್ಕೆ ಒಂದೇ ಸಲ ಸಾಕು. ಅದರ ಮೇಲೆ, ವೈನಿ ಆ ಕೈ ಸೆರಗಿನೊಳಗೆ ಇಟ್ಟುಕೊಂಡೇ ಮುದುಕಿಯಾಗಿಬಿಡುತ್ತಾರೆ ಅನ್ನುವ ಹೆದರಿಕೆ ಬೇರೆ.

ಹೀಗೆ ತಲೆ ಕೆಡಿಸಿಕೊಂಡೇ ಮರುದಿನ ಬಾದಾಮಿಗೆ ಹೋದೆ. ಅಲ್ಲಿ ಮುಮ್ತಾಜ್ ಅಂತ ನನ್ನ ಹಳೆಯ ಗಿರಾಕಿ, ಮನೆಯಲ್ಲೇ ಚಾಕಲೇಟ್ ಮಾಡಿ ಹುಟ್ಟುಹಬ್ಬಕ್ಕೆ, ಈದಿಗೆ ಮಾರುವ ಚುರುಕು ಹೆಣ್ಣುಮಗಳು. ಒಂದು ಕಡು ಹಸಿರು ಸೀರೆಯ ಮೇಲೆ ಅವಳ ಕಣ್ಣಿತ್ತು. ಚಹಾದ ಜೊತೆ ತಟ್ಟೆಯಲ್ಲಿ ಸಣ್ಣ ಸಣ್ಣ ಕರೀ ಉಂಡಿ ತಂದಿಟ್ಟಳು. ಒಂದನ್ನು ಬಾಯಿಗೆ ಹಾಕಿಕೊಂಡೆ. ಮೊದಲು ಕಹಿ, ಆಮೇಲೆ ಸಿಹಿ, ಎಲ್ಲಾ ಕರಗಿ ಹೋದ ಮೇಲೆ ಮೋಸಂಬಿ ಸುಲಿದ ಕೋಣೆಯ ಘಮ.

"ಏನ್ ಉಂಡೀರಿ ಇವು?"

"ಟ್ರಫಲ್ ಅಂತಾರ್ರಿ ಅಕ್ಕಾ."

"ಏನರ ಅನ್ಲಿ, ದುಂಡಗಿದ್ದದ್ದೆಲ್ಲಾ ಉಂಡಿನ. ಪಾಕ ಎಷ್ಟ ಎಳಿ ಬರಬೇಕು?"

"ಪಾಕಾನ ಇಲ್ರಿ. ಭಟ್ಟಿ ಬ್ಯಾಡ, ಹಂಚ ಬ್ಯಾಡ, ಕರಿಯೂದಿಲ್ಲ. ಹಾಲಿನ ಕೆನಿ ಬಿಸಿ ಮಾಡೂದು ಒಂದ."

ನನ್ನ ತಲೆಯಲ್ಲಿ ದೀಪ ಹತ್ತಿತು. ಪಾಕ ಇಲ್ಲದ ಉಂಡಿ! ಆದರೆ ಬೇಕು ಅನ್ನುವುದನ್ನು ಮುಖದಲ್ಲಿ ತೋರಿಸಿದರೆ ಬೆಲೆ ಏರುತ್ತದೆ; ಇದು ಸೀರೆಗೂ ನಿಜ, ವಿದ್ಯೆಗೂ ನಿಜ. ಸೀರೆಯ ದರದಲ್ಲಿ ಒಂದು ಪೈಸೆ ಇಳಿಸುವುದಿಲ್ಲ ಅಂತ ಹಟ ಹಿಡಿದು, ಕಡೆಗೆ "ಹೋಗ್ಲಿ, ಸೆರಗಿಗಿ ಕುಚ್ಚ ಕಟ್ಟಿಸಿ ಕೊಡ್ತೀನಿ. ನೀವು ಈ ಉಂಡಿ ಹೆಂಗ ಮಾಡೂದು ಹೇಳ್ರಿ" ಅಂದೆ. ಅವಳಿಗೆ ಲಾಭ ಆಯಿತು ಅನ್ನಿಸಿತು, ನನಗೂ ಅನ್ನಿಸಿತು. ಒಳ್ಳೆಯ ವ್ಯಾಪಾರ ಅಂದರೆ ಇದೇ. ಸಕ್ಕರೆ ಕಡಿಮೆ ಇರುವ ಕರೀ ಚಾಕಲೇಟಿನ ಹಲಗೆ ತಂದು ಸಣ್ಣಗೆ ಹೆಚ್ಚಬೇಕು. ಕೆನೆ ಕುದಿಯುವ ಮೊದಲು ಇಳಿಸಿ ಅದರ ಮೇಲೆ ಸುರಿಯಬೇಕು. ಒಂದು ಹನಿ ನೀರು ತಾಗಬಾರದು. ಮೋಸಂಬಿಯ ಹಸಿರು ಸಿಪ್ಪೆಯನ್ನು ಮಾತ್ರ ಹೆರೆದು ಹಾಕಬೇಕು. ಒಳಗಿನ ಬಿಳಿ ಬಂದರೆ ಔಷಧದ ಹಾಗೆ ಕಹಿ. ಇಷ್ಟು ಕೇಳಿದೆ. ಆಮೇಲೆ ಅವಳು ಇನ್ನೂ ಏನೋ ಹೇಳುತ್ತಿದ್ದಳು. ವ್ಯಾಪಾರ ಮುಗಿದ ಮೇಲೆ ಗಿರಾಕಿ ಆಡುವ ಮಾತಿಗೆ ನಾನು ಕಿವಿ ಕೊಡುವುದಿಲ್ಲ, ಮನಸ್ಸು ಬದಲಿಸಿಯಾರು ಅಂತ. ಗಂಟು ಕಟ್ಟಿ ಚಪ್ಪಲಿ ಮೆಟ್ಟಿಕೊಂಡಿದ್ದೆ.

ಈಗ ಉಳಿದದ್ದು ಹುನಗುಂದಕ್ಕೆ ಹೋಗುವುದು. ಕರೆಯದೆ ತವರಿಗೆ ಹೋಗುವುದು ಹೇಗೆ? ಯೋಚಿಸಿ ಯೋಚಿಸಿ ಒಂದು ದಾರಿ ಕಂಡಿತು. ಸೀರೆ ಮಾರುವವಳಿಗೆ ಯಾರ ಕರೆಯೂ ಬೇಕಿಲ್ಲ. ಗಂಟು ಹೊತ್ತುಕೊಂಡು, ಅದರ ನಡುವೆ ಚಾಕಲೇಟ್, ಕೆನೆಯ ಪೊಟ್ಟಣ, ಮೋಸಂಬಿ ಇಟ್ಟುಕೊಂಡು, ನಾನು ಹುಟ್ಟಿದ ಮನೆಯ ಹೊಸ್ತಿಲ ಮುಂದೆ ನಿಂತು ಕೂಗಿದೆ: "ಅಕ್ಕಾರ, ಸೀರಿ ಬಂದಾವ್ರಿ! ಬರೇ ನೋಡ್ರಿ, ತೊಗೋಬ್ಯಾಡ್ರಿ!"

ವೈನಿ ಪಡಸಾಲೆಯಲ್ಲಿ ಕೂತಿದ್ದರು. ನಗಲಿಲ್ಲ. ನನ್ನನ್ನು ನೋಡಿದರು, ಗಂಟು ನೋಡಿದರು. ಸೊಟ್ಟಗಾದ ಬಾಯಿಂದ ನಿಧಾನಕ್ಕೆ ಅಂದರು, "ತವರ ಮನಿಗೂ ಗಂಟ ಹೊತಕೊಂಡ ಬರೂವಂಗ ಆತೇನ ಹುಡುಗಿ?"

ಗಂಟು ಬಿಚ್ಚಿ ಮೋಸಂಬಿ ಹೊರಗಿಟ್ಟೆ.

ಮುಮ್ತಾಜ್ ಹೇಳಿದಂತೆ ಮಾಡಿದೆ. ಶುಂಠಿ ಹೆರೆಯುವ ಸಣ್ಣ ತುರಿಮಣೆಯಲ್ಲಿ ಸಿಪ್ಪೆ ಹೆರೆದೆ. ಬಿಸಿ ಕೆನೆ ಬಿದ್ದದ್ದೇ ಚಾಕಲೇಟು ಮೆತ್ತಗಾಗಿ ರೇಷ್ಮೆಯ ಹಾಗೆ ಹೊಳೆಯತೊಡಗಿತು. ಘಮ ಪಡಸಾಲೆಗೆ ಹೋಯಿತು. ವೈನಿ ಗೋಡೆ ಹಿಡಿದುಕೊಂಡು ತಾವೇ ಅಡುಗೆಮನೆಗೆ ಬಂದರು. ಪಾತ್ರೆಯೊಳಗೆ ಇಣುಕಿದ್ದೇ ತಡ, ಹಳೆಯ ವೈನಿ ಎದ್ದುಬಂದ ಹಾಗೆ ಗದರಿದರು: "ಏನ್ ನೋಡ್ಕೋತ ನಿಂತಿ? ಕಟ್ಟು, ಕಟ್ಟು! ಆರಿದ್ರ ಕಲ್ಲಾಗತೈತಿ!"

ನನಗೂ ಬೇರೆ ಏನು ಗೊತ್ತು? ಕೈಗೆ ತುಪ್ಪ ಸವರಿಕೊಂಡು ಬಿಸಿ ಬಿಸಿ ಇರುವಾಗಲೇ ಕೈಯಿಕ್ಕಿದೆ. ಅದು ಮುಷ್ಟಿಯ ಸಂದಿನಿಂದ ಜಾರಿತು. ಮತ್ತೆ ಹಿಡಿದೆ. ಮುಂಗೈ ದಾಟಿ, ಬಳೆಯೊಳಗೆ ಇಳಿದು, ಮೊಣಕೈಯಿಂದ ನೆಲಕ್ಕೆ ತೊಟ್ಟಿಕ್ಕಿತು. "ಗಟ್ಟಿ ಹಿಡಿ!" ಅಂತ ವೈನಿ. ಗಟ್ಟಿ ಹಿಡಿದಷ್ಟೂ ಜಾಸ್ತಿ ಹರಿಯಿತು. ಹೊರಗಿನಿಂದ ಬಂದ ಅಣ್ಣ ಬಾಗಿಲಲ್ಲೇ ನಿಂತ.

"ಏನ್ರೆವಾ, ಶ್ರಾವಣಕ್ಕ ನೆಲಾ ಸಾರಸಾಕ ಹತ್ತೀರೇನು?"

ವೈನಿಗೆ ನಗು ಬಂತು. ಲಕ್ವಾ ಹೊಡೆದ ಮೇಲೆ ಅವರು ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು. ನಗು ಒಂದೇ ಕಡೆಗೆ ಹೋಯಿತು, ಇನ್ನೊಂದು ಕಡೆ ಸುಮ್ಮನಿತ್ತು. ಅವರು ಅದನ್ನು ಮುಚ್ಚಿಕೊಳ್ಳಲಿಲ್ಲ. "ನಾಲ್ಕೂರ ವ್ಯಾಪಾರಸ್ಥಿ ನೋಡ್ರಿ ಹೆಂಗ ನಿಂತಾಳ, ಸಗಣಿ ಹಿಡಕೊಂಡು" ಅಂದರು.

ಕೈ ತೊಳೆದು ಮುಮ್ತಾಜಳಿಗೆ ಫೋನು ಮಾಡಿದೆ. "ಹೇಳಿದ್ನಲ್ರಿ ಅಕ್ಕಾ! ಫ್ರಿಜ್ಜಿನಾಗ ಇಟ್ಟು, ಪೂರ್ತಿ ಆರಿದ ಮ್ಯಾಲೆ ಕಟ್ರಿ ಅಂತ. ನೀವು ಆಗಲೇ ಚಪ್ಲಿ ಮೆಟ್ಟಿದ್ರಿ."

ಆರಿದ ಮೇಲೆ ಕಟ್ಟುವುದು! ನಾನು ಮತ್ತು ವೈನಿ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಇಬ್ಬರೂ ಬದುಕಿದ್ದೇ ಬಿಸಿ ಇದ್ದಾಗ ಕಟ್ಟಿಕೊಂಡು.

ಪಾತ್ರೆ ಫ್ರಿಜ್ಜಿಗೆ ಹೋಯಿತು. ಕರೆಂಟು ಹೋಗದಿರಲಿ ಅಂತ ಬೀರಪ್ಪನಿಗೆ ಹರಕೆ ಹೊತ್ತು ನಾವಿಬ್ಬರೂ ಗೋಡೆಗೆ ಒರಗಿ ಕೂತೆವು. ಹಾಗೆ ಏನೂ ಮಾಡದೆ, ಒಂದು ವಸ್ತು ತಣ್ಣಗಾಗಲಿ ಅಂತ ಕಾಯುತ್ತ ಕೂತದ್ದು ನನಗೆ ನೆನಪೇ ಇಲ್ಲ. ಮೊದಮೊದಲು ಕಾಲು ಚಡಪಡಿಸಿತು. ಆಮೇಲೆ ನಿದ್ದೆ ಬಂತು. ವೈನಿಯ ತೊಡೆಯ ಪಕ್ಕ ತಲೆಯಿಟ್ಟು ಸಣ್ಣದೊಂದು ನಿದ್ದೆ ತೆಗೆದೆ. ದಣಿವು ಅನ್ನುವುದು ವಿಚಿತ್ರ ನೋಡಿ, ಓಡಾಡುವಾಗ ಕಾಣುವುದಿಲ್ಲ, ಕೂತಾಗ ಬಂದು ಮೈಮೇಲೆ ಬೀಳುತ್ತದೆ.

ಪಾತ್ರೆ ಹೊರಗೆ ತೆಗೆದಾಗ ಚಾಕಲೇಟು ಗಟ್ಟಿ ಕೆಮ್ಮಣ್ಣಿನ ಹದಕ್ಕೆ ಬಂದಿತ್ತು. ಚಮಚೆಯಿಂದ ತೋಡಿ ಅಂಗೈಯಲ್ಲಿ ಉರುಳಿಸಿದೆ. ಒಂದು ಸುತ್ತು ಬರುವಷ್ಟರಲ್ಲಿ ಕರಗಿ ಅಂಟಿತು. ನನ್ನ ಕೈ ಮೊದಲಿನಿಂದಲೂ ಬಿಸಿ. ಮೂರ್ನಾಲ್ಕು ಕೆಡಿಸಿ, ಸೋತು, ಸುಮ್ಮನೆ ವೈನಿಗೆ ಅಂದೆ, "ಕೈ ತರ್ರಿ ಇಲ್ಲೆ."

"ಯಾವ ಕೈ?"

"ಸೆರಗಿನಾಗಿನ ಕೈ."

"ಹೆಣದ ಕೈಯದು ಹುಡುಗಿ. ಮುಟ್ಟಿದ್ರ ಮಂಜಿನಂಗ ತಣ್ಣಗ ಐತಿ. ರಾತ್ರಿ ನನಗ ತಾಗಿದ್ರ ನಾನ ಹೆದರ್ತೀನಿ."

"ತಣ್ಣಗಿದ್ದದ್ದ ಬೇಕ್ರಿ."

ನಾನೇ ಸೆರಗು ಸರಿಸಿ ಆ ಕೈ ಹೊರಗೆ ತೆಗೆದು, ಅಂಗೈ ಬಿಡಿಸಿ, ಒಂದು ತುಣುಕು ಇಟ್ಟೆ. ಬಲಗೈ ಕೆಳಗೆ ಹಾಸಿಗೆಯ ಹಾಗೆ ಬಿದ್ದಿತ್ತು. ಮೇಲೆ ಎಡಗೈ ಇಟ್ಟು ವೈನಿ ಮೆಲ್ಲಗೆ ಉರುಳಿಸಿದರು. ಮೊದಲನೆಯದು ಹುಣಸೆ ಬೀಜದ ಹಾಗೆ ಸೊಟ್ಟಗಾಯಿತು. ಎರಡನೆಯದು ಪರವಾಗಿಲ್ಲ. ಆಮೇಲೆ ಬಂದ ಉಂಡಿಯನ್ನು ಅವರು ಕಣ್ಣ ಮುಂದೆ ಹಿಡಿದು ಬಹಳ ಹೊತ್ತು ನೋಡಿದರು. ದುಂಡಗೆ, ಬಿರುಕಿಲ್ಲದೆ, ಒಣಗಿದ ಹಾಗೆ ಇತ್ತು. ಅಂಗೈಗೆ ಒಂದು ಕಲೆಯೂ ಹತ್ತಿರಲಿಲ್ಲ.

"ಇದು ಕರಗವಲ್ದಲ್ಲ!"

"ನಿಮ್ಮ ಕೈಯಾಗ ಕರಗೂದಿಲ್ರಿ. ಹೆಣದ ಕೈ ಅನಬ್ಯಾಡ್ರಿ, ಫ್ರಿಜ್ಜಿನ ಕೈ ಅನ್ರಿ."

"ಥೂ, ಮೂಳಿ!" ಅಂದರು. ಆದರೆ ಕೈ ಒಳಗೆ ಹೋಗಲಿಲ್ಲ. ಒಂದೊಂದಾಗಿ ಎಲ್ಲವನ್ನೂ ಅವರೇ ಕಟ್ಟಿದರು. ನಾನು ಬರೀ ಒಣ ಕೊಬ್ಬರಿ ಪುಡಿಯಲ್ಲಿ ಹೊರಳಿಸುವ ಕೂಲಿ. ನಡುವೆ ಕೇಳಿದರು, "ನಾಗಪ್ಪಗ ಇದನ್ನ ಎಡಿ ಹಿಡ್ಯಾಕ ಬರತೈತೇನ?" ನಾನಂದೆ, "ಪಂಚಮಿಗಿ ಹಂಚ ಇಡಬಾರ್ದು, ಕರೀಬಾರ್ದು. ಇದು ಹಂಚೂ ಕಂಡಿಲ್ಲ, ಎಣ್ಣೀನೂ ಕಂಡಿಲ್ಲ. ಇದಕ್ಕಿಂತ ಮಡಿ ಉಂಡಿ ಎಲ್ಲೈತ್ರಿ?" ವೈನಿ ಒಪ್ಪಿದರು. ನಾಗಪ್ಪನನ್ನು ಕೇಳಿದವರಿಲ್ಲ.

ಡಬ್ಬಿ ತುಂಬಿತು. ಇನ್ನೇನು, ಹಬ್ಬಕ್ಕೆ ಇಲ್ಲೇ ಉಳಿಯುವುದು ಅಂತ ನಾನು ಕಾಲು ಚಾಚಿದರೆ ವೈನಿ ಗಂಟಿನ ಕಡೆ ಕೈ ತೋರಿಸಿದರು, ಅದೂ ಎಡಗೈಯಿಂದ ಎತ್ತಿ ಹಿಡಿದ ಬಲಗೈ.

"ಏಳು. ಗಂಟ ಕಟ್ಟು. ನಿಮ್ಮ ಮನಿಗಿ ಹೋಗು."

"ಯಾಕ್ರಿ?"

"ಸೀರಿ ಮಾರಾಕ ಬಂದಾಕಿ, ಸೀರಿ ಮಾರಿ ಹೋಗಬೇಕು. ನಾಳೆ ನಿಮ್ಮಣ್ಣ ಬರ್ತಾನ ಕರಿಯಾಕ. ಆವಾಗ ಬಾ."

ಕೊನೆಯ ಬಸ್ಸಿನಲ್ಲಿ ನಿಂತುಕೊಂಡೇ ಇಳಕಲ್ಲಿಗೆ ವಾಪಸು ಬಂದೆ. ಸಿಟ್ಟು ಬರಬೇಕಿತ್ತು, ಬರಲಿಲ್ಲ.

ಮರುದಿನ ಅಣ್ಣ ಬಂದ. ತಲೆಗೆ ಹೊಸ ರುಮಾಲು, ಕೈಯಲ್ಲಿ ಬಟ್ಟೆ ಸುತ್ತಿದ ಡಬ್ಬಿ. "ಕರಿಯಾಕ ಬಂದೀನವಾ" ಅಂದ. ಡಬ್ಬಿ ಬಿಚ್ಚಿದೆ. ಒಳಗೆ ಉಂಡಿ ಇರಲಿಲ್ಲ. ಎಲ್ಲ ಕೂಡಿ, ಕೊಬ್ಬರಿ ಸಮೇತ, ಕರಗಿ ಒಂದೇ ಮುದ್ದೆ. ಆಗಿದ್ದಿಷ್ಟು: ಶ್ರಾವಣದ ತಂಪಿಗೆ ಉಂಡಿ ಮೆತ್ತಗಾಗಬಾರದು ಅಂತ ಪುಣ್ಯಾತ್ಮ ಡಬ್ಬಿಯನ್ನು ಡ್ರೈವರನ ಪಕ್ಕದ ಇಂಜಿನ್ ಮೇಲೆ, ಬೆಚ್ಚಗೆ ಬಟ್ಟೆ ಸುತ್ತಿ ಇಟ್ಟುಕೊಂಡು ಬಂದಿದ್ದ.

ಅಣ್ಣ ಡಬ್ಬಿಯೊಳಗೆ ನೋಡಿದ, ನನ್ನನ್ನು ನೋಡಿದ. "ಒಯ್ದಿದ್ದು ಉಂಡಿ, ಮುಟ್ಟಿದ್ದು ಹೂರಣ. ಕರದಂಗ ಆತೋ ಇಲ್ಲೋ?"

"ಆತು ಬಿಡಣ್ಣಾ."

"ನಿಮ್ಮ ವೈನಿ ಮುಂದ ಹೇಳಬ್ಯಾಡ ಮತ್ತ."

ಹೇಳಲಿಲ್ಲ. ಚಮಚೆ ಹಿಡಿದುಕೊಂಡು ಓಣಿಯಲ್ಲಿ ಮನೆಮನೆಗೆ ಬೀರಿಬಂದೆ. ಚಮಚೆಯಲ್ಲಿ ಹಂಚುವ ಪಂಚಮಿ ಉಂಡಿ ಯಾರ ತವರಿಂದಲೂ ಬಂದಿರಲಿಲ್ಲ. "ಭಾಳ ಶ್ರೀಮಂತರ ಮನಿ ಉಂಡಿ ಇರಬೇಕು" ಅಂದಳು ಪಕ್ಕದ ಮನೆಯವಳು, ಬೆರಳು ನೆಕ್ಕುತ್ತ. ಹೌದು ಅಂದೆ. ಪುಕ್ಕಟೆ ಬಂದ ಹೊಗಳಿಕೆ ಬಿಟ್ಟುಕೊಡಬಾರದು.

ಅಲ್ಲಿಂದ ಇಲ್ಲಿಯವರೆಗೆ ಪ್ರತಿ ಶ್ರಾವಣ ಇದೇ ನಾಟಕ. ನಾನು ಸೀರೆಯವಳಾಗಿ ಹೋಗುವುದು, ವೈನಿ ಕಟ್ಟುವುದು, ನನ್ನನ್ನು ಓಡಿಸುವುದು, ಅಣ್ಣ ಬರುವುದು, ನಾನು ಮತ್ತೆ ಹೋಗುವುದು. ವೈನಿಯ ಬಾಯಿ ನೆಟ್ಟಗಾಗಿದೆ, ಬಯ್ಗುಳವೆಲ್ಲ ಮೊದಲಿನ ಹಾಗೇ ಸ್ಪಷ್ಟ. ಕೈ ಮೆಲ್ಲಗೆ ಎತ್ತುವಷ್ಟಾಗಿದೆ, ಆದರೆ ತಣ್ಣಗೇ ಉಳಿದಿದೆ. ಅಣ್ಣ ಡಬ್ಬಿಯನ್ನು ಕಿಟಕಿಯ ಕಡೆ ಹಿಡಿಯಲು ಕಲಿತಿದ್ದಾನೆ.

ಆದರೆ ಈ ವರ್ಷ ನನಗೆ ಸಾಕಾಯಿತು. ನಿಜ ಹೇಳುತ್ತೇನೆ, ಹೋಗಿ, ಬಂದು, ಮತ್ತೆ ಹೋಗುವುದಕ್ಕೆ ಮೊಣಕಾಲು ಒಪ್ಪಲಿಲ್ಲ. ಬೆಳಿಗ್ಗೆ ಗಂಟು ಎತ್ತಲು ಹೋದವಳು ಕೈ ಬಿಟ್ಟೆ. ಅದು ಮೂಲೆಯಲ್ಲೇ ಕೂತಿತು. ಬರೀ ಚೀಲ ಹಿಡಿದು ಹೊರಟೆ. ಗಂಟಿಲ್ಲದೆ ನಡೆದು ರೂಢಿಯಿಲ್ಲ, ಒಂದು ಕಡೆಗೆ ವಾಲುತ್ತೇನೆ. ದಾರಿಯುದ್ದ ಒಂದೇ ಚಿಂತೆ: ಗಂಟೂ ಇಲ್ಲ, ಕರೆಯೂ ಇಲ್ಲ. ಸೀರೆಯವಳೂ ಅಲ್ಲದೆ, ಕರೆದು ತಂದ ಮಗಳೂ ಅಲ್ಲದೆ, ಆ ಹೊಸ್ತಿಲ ಮೇಲೆ ಯಾರು ಅಂತ ನಿಲ್ಲಲಿ?

ಹುನಗುಂದದಲ್ಲಿ ಇಳಿದು, ಬಿಸಿಲಲ್ಲಿ ಕಾಲೆಳೆದುಕೊಂಡು ಮನೆ ಮುಟ್ಟಿದೆ. ವೈನಿ ಪಡಸಾಲೆಯಲ್ಲಿ ಚಾಪೆ ಹಾಕಿಕೊಂಡು ಕೂತಿದ್ದರು. ನನ್ನ ಹೆಗಲು ನೋಡಿದರು. ಬಾಗಿಲಾಚೆ ಇಟ್ಟಿದ್ದೇನೋ ಅಂತ ಬಗ್ಗಿಯೂ ನೋಡಿದರು.

"ಗಂಟ ಎಲ್ಲೆ?"

"ತಂದಿಲ್ರಿ."

"ನಿಮ್ಮಣ್ಣನ್ನ ಇನ್ನಾ ಕಳಸಿಲ್ಲ. ಮತ್ತ ಏನಂತ ಬಂದಿ?"

ಬಸ್ಸಿನಲ್ಲಿ ಒಂದೆರಡು ಉತ್ತರ ಹೊಂದಿಸಿಕೊಂಡಿದ್ದೆ, ನಗಿಸುವಂಥವು. ಅವನ್ನು ಬಿಟ್ಟು ನಿಜ ಹೇಳಿದೆ.

"ಸಾಕಾಗೇತ್ರಿ ವೈನಿ. ಸುಮ್ನ ಕುಂಡ್ರಾಕ ಬಂದೀನಿ."

ವೈನಿ ಚಾಪೆಯ ಮೇಲೆ ಸ್ವಲ್ಪ ಅತ್ತ ಸರಿದರು. ನಾನು ಕೂತೆ. ಕೂತ ಮೇಲೆ ಸುಮ್ಮನಿರಲಾಗದ ಹಳೆಯ ಚಾಳಿ, ಚೀಲಕ್ಕೆ ಕೈ ಹಾಕಿ ಮೋಸಂಬಿ ಹೊರಗೆ ತೆಗೆಯುತ್ತ ಅಂದೆ, "ತಡೀರಿ, ಕೆನಿ ಬಿಸಿ ಮಾಡಿ ಬರ್ತೀನಿ."

ಗಂಟು ಕೂತು ಕೂತು ಕುಳಿ ಬಿದ್ದ ನನ್ನ ಹೆಗಲ ಮೇಲೆ ಆ ಬಲಗೈ ಬಂದು ಕೂತಿತು. ರವಿಕೆಯ ಮೇಲಿನಿಂದಲೂ ತಣ್ಣಗೆ ಹತ್ತಿತು.

"ಬಿಸಲಾಗ ಕಾದು ಬಂದಿ" ಅಂದರು ವೈನಿ. "ಅದೆಲ್ಲಾ ಆಮ್ಯಾಲೆ. ಮೊದಲ ನೀ ಆರು."